ವಿಜ್ಞಾನ ಮತ್ತು ತಂತ್ರಜ್ಞಾನದ ತತ್ತ್ವಶಾಸ್ತ್ರ: ಎಂಜಿನಿಯರಿಂಗ್, ಡಿಪ್ಲೊಮಾ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ತಾಂತ್ರಿಕ ಕಾಲೇಜುಗಳ ಮಕ್ಕಳ ಜೊತೆ ಮಾತಿಗೆ ಕೂತಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಉದಾಹರಣೆಗಳನ್ನು ಆದಷ್ಟೂ ನಮ್ಮ ಸುತ್ತಮುತ್ತಲಿಂದಲೇ ತೆಗೆದುಕೊಂಡಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಓದಲೇಬೇಕು ಅಂತಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ.

ನಾನು ಸಿವಿಲ್ ಓದುತ್ತಿದ್ದೇನೆ. ನನಗೆ ತತ್ತ್ವಶಾಸ್ತ್ರ ಯಾಕೆ ಬೇಕು?

ನಿಮ್ಮ ಕೆಲಸವೆಲ್ಲ ಅಂಕಿಗಳ ಮೇಲೆ ನಿಂತಿರುತ್ತದೆ. ಮಣ್ಣು ಎಷ್ಟು ಭಾರ ತಡೆಯುತ್ತದೆ, ಕಾಂಕ್ರೀಟ್ ಎಷ್ಟು ಗಟ್ಟಿ, ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತದೆ. ಅಂಕಿ ಹಾಕುವುದನ್ನು ಕಾಲೇಜಿನಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಆ ಅಂಕಿಯನ್ನು ಎಷ್ಟು ನಂಬಬಹುದು? ಅದರೊಳಗೆ ಯಾವ ಊಹೆ ಕೂತಿದೆ? ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಅಂತ ತೀರ್ಮಾನ ಮಾಡಿದವರು ಯಾರು? ಈ ಮೂರಕ್ಕೆ ಸಿಲಬಸ್‌ನಲ್ಲಿ ಜಾಗ ಕಡಿಮೆ. ಇವನ್ನು ಬಿಡದೆ ಕೇಳುವುದೇ ಈ ವಿಷಯದ ತಿರುಳು. ನಾಳೆ ನೀವು ಸಹಿ ಹಾಕಿದ ಡ್ರಾಯಿಂಗ್ ಸೇತುವೆಯಾಗುತ್ತದೆ, ಅದರ ಮೇಲೆ ಶಾಲೆ ಬಸ್ಸು ಹೋಗುತ್ತದೆ. ಆಗ ಈ ಪ್ರಶ್ನೆಗಳನ್ನು ಬೇರೆ ಯಾರೋ ಕೇಳಲಿ ಅಂತ ಬಿಡುವ ಹಾಗಿಲ್ಲ.

ಅಂಕಿ ಅಂದಮೇಲೆ ಅಂಕಿ. ಅದರಲ್ಲಿ ಊಹೆ ಎಲ್ಲಿಂದ ಬಂತು?

ಎತ್ತಿನಹೊಳೆಯನ್ನೇ ತೆಗೆದುಕೊಳ್ಳೋಣ. ಸಕಲೇಶಪುರ ತಾಲ್ಲೂಕಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಇಳಿದು, ಕೊನೆಗೆ ನೇತ್ರಾವತಿಗೆ ಸೇರುವ ಹೊಳೆಗಳಲ್ಲಿ ಅದೂ ಒಂದು. ಮಳೆಗಾಲದಲ್ಲಿ ಈ ಹೊಳೆಗಳ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರದಂಥ ಒಣ ಜಿಲ್ಲೆಗಳ ಕಡೆಗೆ ಕಳಿಸುವುದು ಯೋಜನೆ. ಸರ್ಕಾರದ ಯೋಜನಾ ವರದಿ ಸಿಗುವ ನೀರು 24.01 ಟಿಎಂಸಿ ಎನ್ನುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಅಧ್ಯಯನ 9.55 ಟಿಎಂಸಿ ಎಂದಿತು. ಅದೇ ಗುಡ್ಡ, ಅದೇ ಮಳೆ, ಅಂಕಿಯಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ.

ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ತಕ್ಷಣ ಅನಿಸುತ್ತದೆ. ಸ್ವಲ್ಪ ತಡೆಯಿರಿ. ಇಂಥ ಲೆಕ್ಕ ಹೇಗೆ ಹಾಕುತ್ತಾರೆ ಅಂತ ಕೈಯಾರೆ ಮಾಡಿ ನೋಡೋಣ. ಇಲ್ಲಿನ ಅಂಕಿಗಳನ್ನು ಸುಮ್ನೆ ಉದಾಹರಣೆಗೆ ತೆಗೆದುಕೊಂಡಿದ್ದೇನೆ, ಯಾವ ವರದಿಯದ್ದೂ ಅಲ್ಲ. ಜಲಾನಯನ ಪ್ರದೇಶ 100 ಚದರ ಕಿ.ಮೀ. ಇರಲಿ. ವರ್ಷಕ್ಕೆ 4000 ಮಿ.ಮೀ. ಮಳೆ ಬೀಳಲಿ. ಬಿದ್ದ ನೀರು ಒಟ್ಟು 40 ಕೋಟಿ ಘನ ಮೀಟರ್. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಅಂದರೆ ಬಿದ್ದ ಮಳೆ ಸುಮಾರು 14 ಟಿಎಂಸಿ. ಅದೆಲ್ಲ ಹೊಳೆಗೆ ಬರುವುದಿಲ್ಲ. ಒಂದಷ್ಟು ಮಣ್ಣಿಗೆ ಇಂಗುತ್ತದೆ, ಒಂದಷ್ಟು ಮರ ಕುಡಿಯುತ್ತದೆ, ಒಂದಷ್ಟು ಆವಿಯಾಗುತ್ತದೆ. ನೂರಕ್ಕೆ 80 ಭಾಗ ಹರಿದು ಬರುತ್ತದೆ ಅಂದುಕೊಂಡರೆ 11.3 ಟಿಎಂಸಿ. ನೂರಕ್ಕೆ 50 ಅಂದುಕೊಂಡರೆ 7 ಟಿಎಂಸಿ. ನೋಡಿ, ಒಂದೇ ಒಂದು ಗುಣಾಂಕ ಬದಲಾಯಿಸಿದ್ದಕ್ಕೆ 4 ಟಿಎಂಸಿ ಮಾಯ.

ಆ ಗುಣಾಂಕ ಎಲ್ಲಿಂದ ಬರುತ್ತದೆ? ದಟ್ಟ ಕಾಡಿಗೆ ಒಂದು, ಕಾಫಿ ತೋಟಕ್ಕೆ ಒಂದು, ಬೋಳು ಗುಡ್ಡಕ್ಕೆ ಇನ್ನೊಂದು. ಯಾವ ಭೂಪಟ, ಯಾವ ವರ್ಷದ ಚಿತ್ರ ಇಟ್ಟುಕೊಂಡು ವಿಂಗಡಿಸಿದಿರಿ? ಮಳೆಮಾಪಕ ಎಲ್ಲಿತ್ತು? ಘಟ್ಟದ ಅಂಚಿನಲ್ಲಿ ಸುರಿಯುವ ಮಳೆಗೂ ಅಲ್ಲಿಂದ ಸ್ವಲ್ಪ ಪೂರ್ವಕ್ಕೆ ಬಂದರೆ ಬೀಳುವ ಮಳೆಗೂ ಅಜಗಜಾಂತರ ಇದೆ ಅನ್ನೋದು ಸಕಲೇಶಪುರದಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಬರುವವರಿಗೆಲ್ಲ ಗೊತ್ತು. ಎಷ್ಟು ವರ್ಷದ ಸರಾಸರಿ? ಹೊಳೆಯ ಹರಿವನ್ನೇ ಅಳೆದಿರಾ, ಇಲ್ಲ ಬೇರೆಲ್ಲೋ ಅಳೆದದ್ದನ್ನು ಇಲ್ಲಿಗೆ ಹೊಂದಿಸಿದಿರಾ? ಪ್ರತಿಯೊಂದು ಕಡೆಯೂ ಒಬ್ಬ ಮನುಷ್ಯ ಕೂತು ಆಯ್ಕೆ ಮಾಡಿದ್ದಾನೆ.

ಇನ್ನೂ ಒಂದು ಮೆಟ್ಟಿಲು ಇದೆ. ನನ್ನ ಪ್ರಕಾರ ಮುಖ್ಯವಾದದ್ದು ಅದೇ. 'ಸಿಗುವ ನೀರು' ಅಂದರೆ ಹರಿಯುವ ನೀರೆಲ್ಲವೂನಾ? ಇಲ್ಲ ಕೆಳಗಿನ ಊರುಗಳಿಗೆ, ತೋಟಗಳಿಗೆ, ಹೊಳೆಯ ಮೀನಿಗೆ ಬೇಕಾದ್ದನ್ನು ಬಿಟ್ಟು ಉಳಿದದ್ದಾ? ವಿಜ್ಞಾನ ಸಂಸ್ಥೆಯ ಅಧ್ಯಯನ ಸ್ಥಳೀಯ ಅಗತ್ಯಗಳನ್ನೂ ಲೆಕ್ಕಕ್ಕೆ ಹಿಡಿಯಿತು. ಮೀನಿಗೆ ಎಷ್ಟು ನೀರು ಬೇಕು ಅನ್ನೋದು ವಿಜ್ಞಾನದ ಪ್ರಶ್ನೆ. ಮೀನಿಗೆ ನೀರು ಬಿಡಬೇಕಾ ಅನ್ನೋದು ವಿಜ್ಞಾನ ಒಂದೇ ಉತ್ತರಿಸುವ ಪ್ರಶ್ನೆ ಅಲ್ಲ. ಕೋಲಾರದ ತಾಯಿಗೆ ಶುದ್ಧ ಕುಡಿಯುವ ನೀರು ಸಿಗಬೇಕು ಅನ್ನೋದೂ ಅಷ್ಟೇ ನ್ಯಾಯವಾದ ಬೇಡಿಕೆ. ಈ ಎರಡರ ನಡುವಿನ ತೀರ್ಮಾನವನ್ನು ಒಂದು ಗುಣಾಂಕದೊಳಗೆ ಅಡಗಿಸಿಟ್ಟರೆ ಅದರ ಬಗ್ಗೆ ಯಾರೂ ಚರ್ಚೆ ಮಾಡಲು ಆಗುವುದಿಲ್ಲ. ಅದನ್ನು ಹೊರಗೆ, ಎಲ್ಲರಿಗೂ ಕಾಣುವ ಹಾಗೆ ಬರೆಯುವುದು ಎಂಜಿನಿಯರ್ ಕರ್ತವ್ಯ.

ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಈಗ ಎತ್ತಿದ ನೀರನ್ನು ನೇರವಾಗಿ ಅಳೆಯಬಹುದು. ಆದರೂ ಒಂದೆರಡು ವರ್ಷದ ಅಳತೆಯಿಂದ ವಾದ ಮುಗಿಯಲ್ಲ, ಯಾಕೆಂದರೆ ಮಲೆನಾಡಿನ ಮಳೆ ವರ್ಷದಿಂದ ವರ್ಷಕ್ಕೆ ಬೇರೆ.

ವಿಜ್ಞಾನದಲ್ಲಿ 'ಸಾಬೀತಾಗಿದೆ' ಅಂದರೆ ಪಕ್ಕಾ ಅಂತ ತಾನೆ?

ಗಣಿತದಲ್ಲಿ ಹೌದು. ಪ್ರಕೃತಿಯ ವಿಷಯದಲ್ಲಿ ಇಲ್ಲ. ಇದನ್ನು ನಮ್ಮ ನೆಲದ ತಾರ್ಕಿಕರು ಬಹಳ ಹಿಂದೆಯೇ ಅರೆದು ನೋಡಿದ್ದಾರೆ.

ತರ್ಕಕ್ಕೇ ಹೆಸರಾದ ನ್ಯಾಯ ದರ್ಶನದ ಹಳೆಯ ಉದಾಹರಣೆ: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಅನ್ನುವ ಬಿಡದ ಸಂಬಂಧಕ್ಕೆ ಅವರು ವ್ಯಾಪ್ತಿ ಅಂತ ಹೆಸರಿಟ್ಟರು. ಅದಕ್ಕೆ ಚಾರ್ವಾಕರು, ಅಂದರೆ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವರು, ಹಾಕಿದ ಸವಾಲು ಇವತ್ತಿಗೂ ಚೂಪಾಗಿದೆ. ಹೊಗೆ ಇದ್ದ ಎಲ್ಲ ಜಾಗವನ್ನೂ ನೀನು ನೋಡಿದ್ದೀಯಾ? ನಾಳೆಯದ್ದನ್ನು ನೋಡಿದ್ದೀಯಾ? ನೋಡದೆ 'ಎಲ್ಲ' ಅಂತ ಹೇಗೆ ಹೇಳುತ್ತೀಯ? 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಕೇಳಿದ್ದೂ ಹೆಚ್ಚೂ ಕಡಿಮೆ ಇದನ್ನೇ.

ನೈಯಾಯಿಕರು, ಅಂದರೆ ನ್ಯಾಯ ದರ್ಶನದವರು, ಕೈಚೆಲ್ಲಿ ಕೂರಲಿಲ್ಲ. ಅವರು ತಿರುಗಿಸಿ ನೋಡಿದರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಇಲ್ಲ. ಕಾದು ಕೆಂಪಾದ ಕಬ್ಬಿಣದ ಉಂಡೆಯಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಈ ಒಳಗಿನ ಷರತ್ತಿಗೆ ಉಪಾಧಿ ಅಂತ ಕರೆದರು. ಎರಡು ಸಂಗತಿ ಜೊತೆಜೊತೆಗೆ ಕಂಡಾಗ, ಅವುಗಳ ನಡುವೆ ಇಂಥ ಹಸಿ ಸೌದೆ ಎಲ್ಲಾದರೂ ಅಡಗಿದೆಯಾ ಅಂತ ಹುಡುಕುವುದು ಅವರ ಪದ್ಧತಿ. ಇಂದಿನ ಡೇಟಾ ಸೈನ್ಸ್ ಕ್ಲಾಸಿನಲ್ಲಿ ಹೇಳಿಕೊಡುವುದೂ ಇದನ್ನೇ ಅಲ್ವಾ? ಹೊಗೆ ಅಂತ ನೋಡಿದ್ದು ಮಂಜಾಗಿದ್ದರೆ ಇಡೀ ತರ್ಕ ಬುಡದಲ್ಲೇ ಕುಸಿಯುತ್ತದೆ ಅನ್ನುವುದನ್ನೂ ಅವರು ಎತ್ತಿ ಹೇಳಿದ್ದರು. ಡಿಸೆಂಬರ್ ಬೆಳಿಗ್ಗೆ ಮುಳ್ಳಯ್ಯನಗಿರಿ ಕಡೆ ತಿರುಗಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ 'ಸಾಬೀತಾಗಿದೆ' ಅಂದರೆ: ಗಟ್ಟಿಯಾಗಿ ಪರೀಕ್ಷೆ ಮಾಡಿದ್ದಾರೆ, ಇಲ್ಲಿಯವರೆಗೆ ನಿಂತಿದೆ, ಬೇರೆ ವಿವರಣೆಗಳು ಬಿದ್ದುಹೋಗಿವೆ. ಮನೆ ಕಟ್ಟಲು, ಔಷಧಿ ಕೊಡಲು ಅಷ್ಟು ಸಾಕು.

ಒಂದು ಪ್ರಯೋಗ ತಪ್ಪಿದರೆ ಸಿದ್ಧಾಂತ ಬಿದ್ದುಹೋಗಬೇಕಲ್ವಾ?

ತತ್ತ್ವಜ್ಞಾನಿ ಕಾರ್ಲ್ ಪಾಪರ್ 1934ರಲ್ಲಿ ಮುಂದಿಟ್ಟ ಮಾತು ಸರಳ. ಯಾವ ಹೇಳಿಕೆಯನ್ನು ತಪ್ಪು ಅಂತ ತೋರಿಸಲು ಸಾಧ್ಯವೋ ಅದು ಮಾತ್ರ ವಿಜ್ಞಾನದ ಹೇಳಿಕೆ. ಏನು ನಡೆದರೂ 'ನಾನು ಹೇಳಿದ್ದೇ ಸರಿ' ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ. ಇದು ಒಳ್ಳೆಯ ಅಳತೆಗೋಲು. ಆದರೆ ಕೆಲಸ ಅಷ್ಟು ಸುಲಭವಾಗಿ ನಡೆಯುವುದಿಲ್ಲ.

ಯುರೇನಸ್ ಗ್ರಹ ನ್ಯೂಟನ್ ಲೆಕ್ಕದ ದಾರಿಯಲ್ಲಿ ಹೋಗುತ್ತಿರಲಿಲ್ಲ. ನ್ಯೂಟನ್ ತಪ್ಪು ಅಂತ ಯಾರೂ ಕೈಬಿಡಲಿಲ್ಲ. ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಅಂತ ಫ್ರಾನ್ಸಿನ ಖಗೋಳಜ್ಞ ಲೆವೆರಿಯೆ ಲೆಕ್ಕ ಹಾಕಿದ. 1846ರಲ್ಲಿ ಬರ್ಲಿನ್‌ನಲ್ಲಿ ದೂರದರ್ಶಕ ತಿರುಗಿಸಿದಾಗ ಹೇಳಿದ ಜಾಗದ ಹತ್ತಿರವೇ ನೆಪ್ಚೂನ್ ಸಿಕ್ಕಿತು. ಬುಧ ಗ್ರಹದ ದಾರಿಯಲ್ಲೂ ಚೂರು ವ್ಯತ್ಯಾಸ ಇತ್ತು. ಅದೇ ಲೆವೆರಿಯೆ ಅದೇ ಉಪಾಯ ಮಾಡಿ ಸೂರ್ಯನ ಹತ್ತಿರ ವಲ್ಕನ್ ಅಂತ ಗ್ರಹ ಇರಬೇಕು ಅಂದ. ಅದು ಸಿಗಲೇ ಇಲ್ಲ. ಆ ವ್ಯತ್ಯಾಸ ಶತಮಾನಕ್ಕೆ 43 ಆರ್ಕ್‌ಸೆಕೆಂಡು ಮಾತ್ರ (ಒಂದು ಡಿಗ್ರಿ ಕೋನವನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡು). ಅದನ್ನು ವಿವರಿಸಲು 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸಿದ್ಧಾಂತವೇ ಬೇಕಾಯಿತು.

ಮೊದಲನೇ ಸಲ ಸಿದ್ಧಾಂತವನ್ನು ಉಳಿಸಿಕೊಂಡದ್ದು ಸರಿಯಾಯಿತು. ಎರಡನೇ ಸಲ ತಪ್ಪಾಯಿತು. ಮುಂಚೆಯೇ ಯಾವುದು ಯಾವುದು ಅಂತ ಹೇಳುವ ಸೂತ್ರ ಇಲ್ಲ. 1962ರಲ್ಲಿ ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ ಎತ್ತಿ ತೋರಿಸಿದ್ದು ಇದನ್ನೇ: ವಿಜ್ಞಾನಿಗಳು ದಿನನಿತ್ಯ ಒಂದು ಚೌಕಟ್ಟಿನೊಳಗೆ ಕೆಲಸ ಮಾಡುತ್ತಾರೆ, ಹೊಂದದ ಸಂಗತಿಗಳು ತುಂಬಾ ಜಾಸ್ತಿಯಾದಾಗ ಚೌಕಟ್ಟೇ ಬದಲಾಗುತ್ತದೆ. ಇದನ್ನು 'ವಿಜ್ಞಾನ ಬರೀ ಅಭಿಪ್ರಾಯ' ಅಂತ ಎಳೆದುಕೊಂಡು ಹೋಗುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ವಲ್ಕನ್ ಇಲ್ಲದಿದ್ದದ್ದು ಯಾರ ಅಭಿಪ್ರಾಯವೂ ಅಲ್ಲ.

ಲ್ಯಾಬಿನಲ್ಲಿ ರೀಡಿಂಗ್ ಸರಿಯಾಗಿ ಬರಲಿಲ್ಲ. ಉತ್ತರ ಗೊತ್ತೇ ಇದೆ. ಅದಕ್ಕೆ ಹೊಂದುವ ಹಾಗೆ ಬರೆದರೆ ಏನು ತಪ್ಪು?

ಎಲ್ಲರೂ ಪಿಸುದನಿಯಲ್ಲಿ ಕೇಳುವ ಪ್ರಶ್ನೆ ಇದು. ದಯವಿಟ್ಟು ಹಾಗೆ ಬರೆಯಬೇಡಿ.

ಎಲೆಕ್ಟ್ರಾನ್ ಮೇಲಿನ ವಿದ್ಯುದಂಶವನ್ನು ಎಣ್ಣೆ ಹನಿಗಳಿಂದ ಅಮೆರಿಕದ ಭೌತವಿಜ್ಞಾನಿ ಮಿಲಿಕನ್ ಅಳೆದ. ಗಾಳಿಯ ಸ್ನಿಗ್ಧತೆಗೆ ಸ್ವಲ್ಪ ತಪ್ಪು ಬೆಲೆ ಹಾಕಿಕೊಂಡಿದ್ದರಿಂದ ಅವನ ಉತ್ತರ ಚೂರು ಕಡಿಮೆ ಬಂತು. ಆಮೇಲೆ ಅಳೆದವರ ಉತ್ತರಗಳು ಒಮ್ಮೆಗೇ ಸರಿಯಾದ ಬೆಲೆಗೆ ಹಾರಲಿಲ್ಲ, ಮೆಲ್ಲಮೆಲ್ಲಗೆ ಮೇಲೆ ಹತ್ತಿದವು. ಇದನ್ನು 1974ರಲ್ಲಿ ವಿದ್ಯಾರ್ಥಿಗಳ ಮುಂದೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ನೆನಪಿಸಿದರು. ಮಿಲಿಕನ್ ಉತ್ತರಕ್ಕಿಂತ ತುಂಬಾ ಜಾಸ್ತಿ ಬಂದರೆ ಎಲ್ಲಿ ತಪ್ಪಾಗಿದೆ ಅಂತ ಹುಡುಕುತ್ತಿದ್ದರು, ಹತ್ತಿರ ಬಂದರೆ ಅಷ್ಟು ಹುಡುಕುತ್ತಿರಲಿಲ್ಲ. ಯಾರೂ ಬೇಕಂತ ಮೋಸ ಮಾಡಿದವರಲ್ಲ. 'ಗೊತ್ತಿರುವ ಉತ್ತರ' ಅವರ ಕಣ್ಣನ್ನು ಒಂದೇ ಕಡೆಗೆ ತಿರುಗಿಸಿತ್ತು.

ಇನ್ನೊಂದು ಕಡೆ 2011ರ ಘಟನೆ ನೋಡಿ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸ್ಸೊವರೆಗೆ, ಸುಮಾರು 730 ಕಿ.ಮೀ. ದೂರ, ನ್ಯೂಟ್ರಿನೊ ಅನ್ನುವ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡು ಮುಂಚೆ ತಲುಪಿದ ಹಾಗೆ ಆಪೆರಾ ತಂಡಕ್ಕೆ ಕಂಡಿತು. ನಂಬಲಾಗದ ರೀಡಿಂಗ್. ಅವರು ಅದನ್ನು ಮುಚ್ಚಿಡಲಿಲ್ಲ, ನೀವೂ ಪರೀಕ್ಷಿಸಿ ಅಂತ ಜಗತ್ತಿನ ಮುಂದೆ ಇಟ್ಟರು. ಕೊನೆಗೆ ಸಿಕ್ಕಿದ್ದು ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಜೋಡಣೆ.

ನಿಮ್ಮ ರೀಡಿಂಗ್ ತಪ್ಪಿದ್ದರೆ ಹಾಗೇ ಬರೆದು, ಕೆಳಗೆ ಎರಡು ಸಾಲು ಸೇರಿಸಿ: ಎಲ್ಲಿ ತಪ್ಪಿರಬಹುದು, ಅದನ್ನು ಹೇಗೆ ಪತ್ತೆ ಮಾಡಬಹುದು. ಒಳ್ಳೆಯ ಮೇಷ್ಟ್ರು ಇದಕ್ಕೆ ಅಂಕ ಕಳೆಯುವುದಿಲ್ಲ.

ನ್ಯೂಟನ್ ಸಿದ್ಧಾಂತ ತಪ್ಪಾದರೆ ಇನ್ನೂ ಯಾಕೆ ಓದಬೇಕು?

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಉಪಗ್ರಹ ನಿಯಂತ್ರಣ ಕೇಂದ್ರ) ಇದೆ. 1982ರಿಂದ ಇನ್ಸಾಟ್ ಸರಣಿಯ ಉಪಗ್ರಹಗಳನ್ನು ನೋಡಿಕೊಳ್ಳುತ್ತಿರುವುದು ಇಲ್ಲಿಂದ. ಸುಮಾರು 36,000 ಕಿ.ಮೀ. ಮೇಲೆ ನಿಂತಂತೆ ಕಾಣುವ ಉಪಗ್ರಹ ನಿಜಕ್ಕೂ ಒಂದೇ ಜಾಗದಲ್ಲಿ ಇರುವುದಿಲ್ಲ. ಸೂರ್ಯ, ಚಂದ್ರ ಎಳೆಯುತ್ತವೆ. ಭೂಮಿಯೂ ಪೂರ್ತಿ ದುಂಡಗಿಲ್ಲ. ಆಗಾಗ ಚೂರು ಇಂಧನ ಉರಿಸಿ ಅದನ್ನು ವಾಪಸ್ ಜಾಗಕ್ಕೆ ತರಬೇಕು. ಈ ಲೆಕ್ಕಕ್ಕೆ ಬುನಾದಿ ನ್ಯೂಟನ್ ಕೊಟ್ಟ ನಿಯಮಗಳೇ.

ಮೊಬೈಲಿನ ಜಿಪಿಎಸ್‌ಗೆ ಮಾತ್ರ ನ್ಯೂಟನ್ ಸಾಲದು. ಐನ್‌ಸ್ಟೈನ್ ಲೆಕ್ಕದ ಪ್ರಕಾರ ಆ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ತಿದ್ದದಿದ್ದರೆ ಒಂದೇ ದಿನದಲ್ಲಿ ಕಿಲೊಮೀಟರುಗಟ್ಟಲೆ ತಪ್ಪು. ಒಂದು ಸಿದ್ಧಾಂತ ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಯಾವ ಗಡಿ ದಾಟಿದರೆ ಕೈಕೊಡುತ್ತದೆ ಅಂತ ತಿಳಿದಿದ್ದರೆ ಅದನ್ನು ಧೈರ್ಯವಾಗಿ ಬಳಸಬಹುದು. ಹುಕ್ ನಿಯಮವನ್ನು ನೀವು ಬಳಸುವುದೂ ಹೀಗೇ ತಾನೆ?

ತಂತ್ರಜ್ಞಾನ ಅಂದರೆ ವಿಜ್ಞಾನವನ್ನು ಬಳಕೆಗೆ ತರುವುದು, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಎಷ್ಟೋ ಸಲ ಕೆಲಸ ಮೊದಲು, ವಿವರಣೆ ಆಮೇಲೆ. ನ್ಯೂಕೋಮನ್ ಉಗಿಯಂತ್ರ 1712ರಲ್ಲೇ ಗಣಿಯಿಂದ ನೀರೆತ್ತುತ್ತಿತ್ತು. ಶಾಖದಿಂದ ಎಷ್ಟು ಕೆಲಸ ಪಡೆಯಬಹುದು ಅಂತ ಫ್ರಾನ್ಸಿನ ಎಂಜಿನಿಯರ್ ಕಾರ್ನೊ ಬರೆದದ್ದು 1824ರಲ್ಲಿ. ಹಳೇಬೀಡಿನ ಶಿಲ್ಪಿಗಳು ಬಳಪದ ಕಲ್ಲಿನ ಗುಣವನ್ನು ಉಳಿಯ ತುದಿಯಲ್ಲಿ ಅರಿತಿದ್ದರು, ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ಆಗ ಹುಟ್ಟಿರಲಿಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಬೆಳೆಗೆ ರೋಗ ಬರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣ. ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ಮನೆಯ ಮಕ್ಕಳಿಗೆ ಇದು ಹೊಸದಲ್ಲ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗುಲಿಲ್ಲ ಅನ್ನೋದು ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿಯ ಕಣ್ಣಿಗೆ ಬಿತ್ತು. ಅವರು ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗವನ್ನು ಅಧ್ಯಯನ ಮಾಡಿ ಇದೇ ದ್ರಾವಣವನ್ನು ತೋಟಕ್ಕೆ ತಂದರು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನೆಯ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ. ಅದಕ್ಕೂ ಮುಂಚೆ ನಮ್ಮ ರೈತರು ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುತ್ತಿದ್ದರು. ರೋಗಾಣುವಿನ ಹೆಸರು ಗೊತ್ತಿರಲಿಲ್ಲ, ನೀರು ತಾಗಿದರೆ ಕೊಳೆಯುತ್ತದೆ ಅನ್ನೋದು ಗೊತ್ತಿತ್ತು.

ಈಗ ದ್ರಾವಣ ಮಾಡುವುದನ್ನು ಹತ್ತಿರದಿಂದ ನೋಡಿ. ಒಂದು ಕಿಲೊ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೊ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ. ಪ್ಲಾಸ್ಟಿಕ್ ಡ್ರಮ್ಮೇ ಬೇಕು, ಕಬ್ಬಿಣದ್ದು ಆಗಲ್ಲ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡುತ್ತಾರೆ. ಆಕಾಶ ನೀಲಿ ಬಣ್ಣ ಬರುತ್ತದೆ. ಆಮೇಲೆ ಉಜ್ಜಿ ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ಎತ್ತುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕೂತಿದ್ದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದುತ್ತಾರೆ, ಲೇಪ ಬರದವರೆಗೆ.

ಇದು ಅಪ್ಪಟ ಪರೀಕ್ಷೆ. ಹೇಳಿಕೆ ಸ್ಪಷ್ಟವಾಗಿದೆ, ಅದು ತಪ್ಪು ಅಂತ ತೋರಿಸುವ ಗುರುತು ಸ್ಪಷ್ಟವಾಗಿದೆ, ತಪ್ಪಿದರೆ ಏನು ಮಾಡಬೇಕು ಅನ್ನೋದೂ ಸ್ಪಷ್ಟವಾಗಿದೆ. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರಗೆ ದಬ್ಬುತ್ತದೆ ಅನ್ನುವ ರಸಾಯನಶಾಸ್ತ್ರ ಗೊತ್ತಿಲ್ಲದವರೂ ಅದನ್ನು ಸರಿಯಾಗಿ ಮಾಡುತ್ತಾರೆ. ಇನ್ನೂ ಒಂದು ಸ್ವಾರಸ್ಯ ಇದೆ. ಕೊಳೆ ರೋಗ ತರುವ ಫೈಟಾಫ್ತೊರ ಅನ್ನುವ ರೋಗಾಣುವನ್ನು ಹಿಂದೆ ಶಿಲೀಂಧ್ರಗಳ ಗುಂಪಿಗೆ ಸೇರಿಸಿದ್ದರು. ಈಗ ಅದು ಕಂದು ಪಾಚಿಗಳ ದೂರದ ನೆಂಟ ಅಂತ ಬೇರೆ ಮಾಡಿದ್ದಾರೆ. ಸಿದ್ಧಾಂತದ ವಿಳಾಸ ಬದಲಾಯಿತು. ಡ್ರಮ್ಮು, ಚಾಕು, ಸುಣ್ಣ ಹಾಗೇ ಉಳಿದವು.

ಯಂತ್ರ ಯಂತ್ರವೇ. ಒಳ್ಳೆಯದು, ಕೆಟ್ಟದ್ದು ಬಳಸುವವರ ಕೈಯಲ್ಲಿ ಅಲ್ವಾ?

ಸಣ್ಣ ಸಾಮಾನಿಗೆ ಈ ಮಾತು ಒಂದು ಮಟ್ಟಕ್ಕೆ ಸರಿ. ದೊಡ್ಡ ವ್ಯವಸ್ಥೆಗೆ ಹೊಂದುವುದಿಲ್ಲ. ಕುದುರೆಮುಖದ ಗಣಿಯನ್ನು ನೋಡಿ. ಅಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹಾಗಾಗಿ ಅರೆದು, ಬೇರ್ಪಡಿಸಿ, ನೀರಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುವ ವಿನ್ಯಾಸ ಮಾಡಿದರು. ಆ ವಿನ್ಯಾಸ ಒಪ್ಪಿದ ದಿನವೇ ಉಳಿದ ಕೆಸರನ್ನು ಎಲ್ಲೋ ನಿಲ್ಲಿಸಬೇಕು ಅನ್ನೋದು ತೀರ್ಮಾನ ಆಯಿತು. ಅದಕ್ಕೇ ಲಕ್ಯಾ ಅಣೆಕಟ್ಟು. ಭದ್ರಾ ಹುಟ್ಟುವ, ಮಳೆ ಹುಚ್ಚಾಗಿ ಸುರಿಯುವ ಜಾಗದಲ್ಲಿ. ಯೋಜನೆ ಶುರುವಾದದ್ದು ಇರಾನಿಗೆ ಅದಿರು ಮಾರಲು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು, ಆದರೆ ಅಷ್ಟು ದೊಡ್ಡ ವ್ಯವಸ್ಥೆಯನ್ನು ಕಟ್ಟಿ ಆಗಿತ್ತು, ಅದು ಓಡಲೇಬೇಕಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಣೆಕಟ್ಟು ಮತ್ತು ಅದರ ಹಿಂದಿನ ಕೆಸರು ಅಲ್ಲೇ ಇವೆ, ಪ್ರತಿ ಮಳೆಗಾಲವೂ ಯಾರಾದರೂ ಕಾಯಲೇಬೇಕು.

ಇಲ್ಲಿ ಯಾವ ಬಳಕೆದಾರ ಕೆಟ್ಟವನು? ಪ್ರಶ್ನೆಯೇ ಹೊಂದುವುದಿಲ್ಲ. ಯಾರಿಗೆ ಲಾಭ, ಯಾವ ಹೊಳೆಗೆ ಭಾರ, ಎಷ್ಟು ತಲೆಮಾರು ಕಾಯಬೇಕು ಅನ್ನೋದೆಲ್ಲ ನಕ್ಷೆಯಲ್ಲೇ ಬರೆದಾಗಿತ್ತು. ಕೆಲಸ, ಊರು, ಶಾಲೆ ಕೊಟ್ಟದ್ದೂ ಅದೇ ಗಣಿ. ಅದು ಮುಚ್ಚಿದಾಗ ಅಲ್ಲಿ ಬದುಕು ಕಟ್ಟಿಕೊಂಡಿದ್ದವರ ಸಂಕಟವನ್ನೂ ಮರೆಯುವ ಹಾಗಿಲ್ಲ.

ಅಪಾಯ ಎಷ್ಟು ಅನ್ನೋದು ಸಂಭವನೀಯತೆಯ ಲೆಕ್ಕ. ಅದರಲ್ಲಿ ತತ್ತ್ವ ಏನಿದೆ?

ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆಗಳಿಗೆ ರೇಡಿಯೊ ಕಾಲರ್ ಹಾಕಿ, ಅವು ಹತ್ತಿರ ಬಂದಾಗ ಅರಣ್ಯ ಇಲಾಖೆ ಜನರ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ. ನೀವು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ, ಇಂಥದ್ದೇ ಒಂದು ಪ್ರಾಜೆಕ್ಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಆನೆ ಎಷ್ಟು ಹತ್ತಿರ ಬಂದರೆ ಸಂದೇಶ ಹೋಗಬೇಕು? 500 ಮೀಟರಾ, ಎರಡು ಕಿಲೊಮೀಟರಾ?

ದೂರ ಹೆಚ್ಚಿಸಿದರೆ ಸುಳ್ಳು ಎಚ್ಚರಿಕೆ ಜಾಸ್ತಿ. ತೋಟದ ಕೆಲಸಕ್ಕೆ ಹೊರಟವರು ವಾಪಸ್ ಹೋಗುತ್ತಾರೆ, ಅವತ್ತಿನ ಕೂಲಿ ಹೋಗುತ್ತದೆ. ನಾಲ್ಕು ಸಲ ಹೀಗಾದರೆ ಐದನೇ ಸಲ ಯಾರೂ ಸಂದೇಶ ನೋಡುವುದಿಲ್ಲ. ದೂರ ಕಡಿಮೆ ಮಾಡಿದರೆ ಎಚ್ಚರಿಕೆ ತಡವಾಗುತ್ತದೆ, ಮಂಜಿನಲ್ಲಿ ಕಾಫಿ ಗಿಡಗಳ ಸಂದಿಯಲ್ಲಿ ಆನೆ ಎದುರಾಗುತ್ತದೆ. ಎರಡೂ ತಪ್ಪನ್ನು ಒಟ್ಟಿಗೆ ಸೊನ್ನೆ ಮಾಡಲು ಯಾವ ಸೆನ್ಸರ್‌ನಿಂದಲೂ ಆಗದು. ಯಾವ ತಪ್ಪು ಹೆಚ್ಚು ಕೆಟ್ಟದ್ದು ಅಂತ ಡೇಟಾ ಹೇಳುವುದಿಲ್ಲ, ನೀವು ಹೇಳಬೇಕು. ಅದಕ್ಕಿಂತ ಒಳ್ಳೆಯದು, ಬೆಳಿಗ್ಗೆ ಆ ದಾರಿಯಲ್ಲಿ ನಡೆಯುವ ಹೆಂಗಸರನ್ನೇ ಕೇಳುವುದು. ಕಾಲರ್ ಇಲ್ಲದ ಒಂಟಿ ಸಲಗದ ಬಗ್ಗೆ ಏನು, ಮೊಬೈಲ್ ಇಲ್ಲದವರಿಗೆ ಹೇಗೆ ಅಂತ ನಿಮಗೆ ಹೊಳೆಯದ ಪ್ರಶ್ನೆಗಳನ್ನು ಅವರು ಕೇಳುತ್ತಾರೆ.

ಅಪಾಯದ ಅಂಕಿ ಯಾರ ಬಾಯಿಂದ ಬಂತು ಅನ್ನೋದೂ ಮುಖ್ಯ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲಿ ಒಡೆದು ಏಳು ಜನ ಸತ್ತರು. ತನಿಖೆಯಲ್ಲಿದ್ದ ಫೈನ್‌ಮನ್ ಬರೆದಿದ್ದಾರೆ: ಅನಾಹುತದ ಸಂಭವ ಲಕ್ಷಕ್ಕೆ ಒಂದು ಅಂತ ನಾಸಾದ ಮೇಲಧಿಕಾರಿಗಳ ಲೆಕ್ಕ, ನೂರಕ್ಕೆ ಒಂದು ಅಂತ ಕೆಲಸ ಮಾಡುವ ಎಂಜಿನಿಯರ್‌ಗಳ ಲೆಕ್ಕ. ಹಿಂದಿನ ರಾತ್ರಿ ಕೆಲವು ಎಂಜಿನಿಯರ್‌ಗಳು ಇಷ್ಟು ಚಳಿಯಲ್ಲಿ ಓ-ರಿಂಗ್ ಸೀಲುಗಳು (ರಾಕೆಟ್‌ನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು) ಕೆಲಸ ಮಾಡುವ ಭರವಸೆ ಇಲ್ಲ, ಹಾರಿಸಬೇಡಿ ಅಂದಿದ್ದರು. 'ಸುರಕ್ಷಿತ ಅಂತ ತೋರಿಸಿ' ಅಂತ ಕೇಳಬೇಕಾದ ಸಭೆ ಅವತ್ತು 'ಅಪಾಯ ಅಂತ ಸಾಬೀತು ಮಾಡಿ' ಅಂತ ಕೇಳಿತು. ಸಾಬೀತು ಮಾಡುವ ಹೊಣೆ ಯಾರ ಹೆಗಲ ಮೇಲೆ ಅನ್ನುವ ಒಂದೇ ಪ್ರಶ್ನೆ, ಅದನ್ನು ತಿರುಗಿಸಿದ್ದಕ್ಕೆ ಏಳು ಜೀವ ಹೋಯಿತು. ಸಭೆಗಳಲ್ಲಿ ಕೂರುವಾಗ ಈ ಒಂದನ್ನು ದಯವಿಟ್ಟು ನೆನಪಿಡಿ.

ಎಐ ಸರಿಯಾದ ಉತ್ತರ ಕೊಟ್ಟರೆ ಸಾಕಲ್ವಾ? ಹೇಗೆ ಕೊಟ್ಟಿತು ಅಂತ ಯಾಕೆ ಬೇಕು?

ಸರಿಯಾದದ್ದು ಅಂತ ನಿಮಗೆ ಹೇಗೆ ಗೊತ್ತಾಯಿತು? ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ಎಕ್ಸ್-ರೇ ನೋಡಿ ನ್ಯುಮೋನಿಯಾ ಹೇಳುವ ಮಾಡೆಲ್‌ಗಳನ್ನು ಪರೀಕ್ಷಿಸಿದರು. ಚಿತ್ರ ಯಾವ ಆಸ್ಪತ್ರೆಯದ್ದು ಅನ್ನೋದನ್ನೂ ಮಾಡೆಲ್ ಗುರುತು ಹಿಡಿಯುತ್ತಿತ್ತು, ಅದರಿಂದ ಉತ್ತರ ಊಹಿಸಲು ಅನುಕೂಲವಾಗುತ್ತಿತ್ತು. ಹೊಸ ಆಸ್ಪತ್ರೆಯ ಚಿತ್ರ ಕೊಟ್ಟಾಗ ಹಲವು ಕಡೆ ಸಾಮರ್ಥ್ಯ ಇಳಿಯಿತು. ಮತ್ತೆ ಅದೇ ಹಸಿ ಸೌದೆ. ಕಾಫಿ ಎಲೆಯ ತುಕ್ಕು ರೋಗಕ್ಕೆ ನೀವು ಇಂಥ ಆ್ಯಪ್ ಮಾಡುವುದಾದರೆ, ರೋಗದ ಎಲೆಗಳ ಫೋಟೊವನ್ನೆಲ್ಲ ಒಂದೇ ತೋಟದಲ್ಲಿ, ಒಂದೇ ಬೆಳಕಿನಲ್ಲಿ ತೆಗೆಯಬೇಡಿ. ಎಲೆ ಮಗುಚಿ, ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿ ಇದೆಯಾ ಅಂತ ಕಣ್ಣಲ್ಲೇ ನೋಡಿ ತಾಳೆ ಹಾಕಿ.

ಚಾಟ್‌ಬಾಟ್ ಮಾತಿಗೂ ನ್ಯಾಯ ದರ್ಶನದಲ್ಲಿ ಒಂದು ಅಳತೆ ಸಿಗುತ್ತದೆ. ಅವರು ಬೇರೆಯವರ ಮಾತನ್ನೂ ಜ್ಞಾನದ ದಾರಿ ಅಂತ ಒಪ್ಪುತ್ತಾರೆ, ಆದರೆ ಹೇಳುವವರು ಆಪ್ತರಾಗಿರಬೇಕು. ಅಂದರೆ ವಿಷಯ ಬಲ್ಲವರು, ಬಲ್ಲದ್ದನ್ನು ಇದ್ದ ಹಾಗೇ ಹೇಳುವ ಮನಸ್ಸಿರುವವರು. ಚಾಟ್‌ಬಾಟ್ ಈ ಎರಡರಲ್ಲಿ ಯಾವುದನ್ನು ಪೂರೈಸುತ್ತದೆ? ಒಂದು ಸಂಜೆ ಸ್ನೇಹಿತರ ಜೊತೆ ಕೂತು ವಾದ ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ.

ನಮ್ಮಜ್ಜ ಹೇಳುವ ಮಳೆ ನಕ್ಷತ್ರದ ಲೆಕ್ಕ ವಿಜ್ಞಾನವೇ, ಮೂಢನಂಬಿಕೆಯೇ?

ಎರಡರಲ್ಲಿ ಒಂದು ಅಂತ ಹಣೆಪಟ್ಟಿ ಕಟ್ಟುವ ಮುಂಚೆ ಅದನ್ನು ಬಿಡಿಬಿಡಿಯಾಗಿ ನೋಡಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ. ಹಾಗಾಗಿ ಆರಿದ್ರಾ ಮಳೆ ಅಂದರೆ ಜೂನ್ 21–22ರಿಂದ ಎರಡು ವಾರ. ಇದು ಸೂರ್ಯನ ಕ್ಯಾಲೆಂಡರ್, ಲೆಕ್ಕ ನೇರವಾಗಿದೆ. 'ಆರಿದ್ರಾ ಮಳೆ ಆರದೆ ಹುಯ್ಯುತ್ತೆ' ಅನ್ನೋದು ಆ ಹೊತ್ತಿಗೆ ಮುಂಗಾರು ಬಲವಾಗಿರುತ್ತದೆ ಅನ್ನುವ ಅನುಭವದ ಸಾರ. ಅದನ್ನು ಮಳೆ ದಾಖಲೆ ಇಟ್ಟು ಪರೀಕ್ಷಿಸಬಹುದು. ಎಷ್ಟೋ ಎಸ್ಟೇಟುಗಳಲ್ಲಿ ಹಳೆಯ ಮಳೆ ಪುಸ್ತಕಗಳು ಸಿಗುತ್ತವೆ. ಈ ವರ್ಷ ಇಂಥ ದಿನ ಮಳೆ ಬಂದೇ ಬರುತ್ತದೆ ಅಂತ ನಕ್ಷತ್ರ ನೋಡಿ ಹೇಳುವುದು ಮಾತ್ರ ಬೇರೆ ಮಾತು, ಅದಕ್ಕೆ ಆಧಾರ ಇಲ್ಲ. ಅಜ್ಜನ ಜೊತೆ ಜಗಳ ಬೇಡ. ಮಳೆ ಪುಸ್ತಕ ಇಟ್ಟುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ.

ವೈಜ್ಞಾನಿಕ ಮನೋಭಾವ ಅಂದರೆ ದೇವರನ್ನು ನಂಬಬಾರದು ಅಂತಲಾ?

ಸಂವಿಧಾನದ 51ಎ(ಎಚ್) ವಿಧಿ ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಎನ್ನುತ್ತದೆ. 1976ರ 42ನೇ ತಿದ್ದುಪಡಿಯಲ್ಲಿ ಬಂದದ್ದು ಅದು. ದೇವರ ವಿಷಯ ಅಲ್ಲಿಲ್ಲ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪರೀಕ್ಷೆಗೆ ಸಿಗುವ ಹೇಳಿಕೆಯನ್ನು ಪರೀಕ್ಷೆಗೆ ಒಡ್ಡಿ ಅನ್ನೋದಷ್ಟೇ ಅವರ ಬೇಡಿಕೆ. ಗಾಂಧಿವಾದಿಯಾಗಿ ಸರಳವಾಗಿ ಬದುಕಿದ ಮೇಷ್ಟ್ರು ಅವರು. ಅವರ ಬಗ್ಗೆ ಓದಿ.

ಇದನ್ನೆಲ್ಲ ಪ್ರಾಜೆಕ್ಟ್ ವರದಿಯಲ್ಲಿ ಎಲ್ಲಿ ಬರೆಯೋದು?

ಫಲಿತಾಂಶದ ಅಧ್ಯಾಯಕ್ಕೆ ಮುಂಚೆ ಒಂದು ಪುಟ 'ಊಹೆಗಳು' ಅಂತ ಇಡಿ. ನೀವು ಬಳಸಿದ ಪ್ರತಿ ಗುಣಾಂಕದ ಎದುರು ಅದು ಎಲ್ಲಿಂದ ಬಂತು ಅಂತ ಬರೆಯಿರಿ: ಅಳೆದದ್ದಾ, ಕೋಡ್‌ಬುಕ್ಕಿನದ್ದಾ, ಅಂದಾಜಾ. ಅದರಲ್ಲಿ ಅಂದಾಜಿನದ್ದನ್ನು ಅರ್ಧ ಮಾಡಿ, ದುಪ್ಪಟ್ಟು ಮಾಡಿ ಉತ್ತರ ಎಷ್ಟು ಅಲ್ಲಾಡುತ್ತದೆ ಅಂತ ತೋರಿಸಿ. ಅದರ ಕೆಳಗೆ, ನಿಮ್ಮ ಲೆಕ್ಕಕ್ಕೆ ಬರದೆ ಹೊರಗೆ ಉಳಿದವರು ಯಾರು, ಉಳಿದದ್ದು ಏನು ಅಂತ ನಾಲ್ಕು ಸಾಲು. ವೈವಾದಲ್ಲಿ ಮೊದಲ ಪ್ರಶ್ನೆ ಈ ಪುಟದ ಮೇಲೇ ಬೀಳಬಹುದು, ಆದ್ದರಿಂದ ಇದನ್ನು ಕೊನೆಯ ರಾತ್ರಿಗೆ ಉಳಿಸಿಕೊಳ್ಳಬೇಡಿ. ಗೈಡ್ ಹತ್ತಿರ ಮೊದಲ ಡ್ರಾಫ್ಟ್ ಕೊಡುವಾಗಲೇ ಸೇರಿಸಿ.